ಸೂರ್ಯನ ಮೇಲ್ಮೈಯ ಸಣ್ಣ ಕಾಂತಕ್ಷೇತ್ರಗಳನ್ನು ಮ್ಯಾಗ್ನೆಟೋಗ್ರಾಮಿನಲ್ಲಿ ಗುರುತಿಸುವ ಬಗೆ

ಸೌರಕಲೆ ಒಂದೂ ಕಾಣದ ದಿನಗಳಲ್ಲಿಯೂ ಸೂರ್ಯನ ಮೇಲ್ಮೈಯಲ್ಲಿ ಎಲ್ಲೆಡೆ ಸಣ್ಣ ಕಾಂತಕ್ಷೇತ್ರಗಳು ಹರಡಿಕೊಂಡಿರುತ್ತವೆ. ಅವುಗಳ ಅಧ್ಯಯನಕ್ಕೆ, ನಾಸಾ 2010ರಲ್ಲಿ ಉಡಾಯಿಸಿದ ಸೋಲಾರ್ ಡೈನಮಿಕ್ಸ್ ಅಬ್ಸರ್ವೇಟರಿಯ ಎಚ್‌ಎಂಐ ಉಪಕರಣದ ದತ್ತಾಂಶ ಉಚಿತವಾಗಿ ದೊರೆಯುತ್ತದೆ. ಕಬ್ಬಿಣದ 617.3 ನ್ಯಾನೊಮೀಟರ್ ರೋಹಿತರೇಖೆಯ ಮೇಲೆ ಕಾಂತಕ್ಷೇತ್ರ ಉಂಟುಮಾಡುವ ಝೀಮನ್ ಪರಿಣಾಮವನ್ನು (ರೇಖೆ ಸೀಳುವಿಕೆಯನ್ನು) ಅಳೆದು, ಅದು 45 ಸೆಕೆಂಡಿಗೊಂದರಂತೆ ಮ್ಯಾಗ್ನೆಟೋಗ್ರಾಮ್, ಅಂದರೆ ನಮ್ಮ ದೃಷ್ಟಿರೇಖೆಯ ಗುಂಟ ಇರುವ ಕಾಂತಕ್ಷೇತ್ರದ ನಕ್ಷೆ, ಒದಗಿಸುತ್ತದೆ.

ಸಿದ್ಧ ಚಿತ್ರದ ಬದಲು, ಅಳತೆಯ ಅಂಕಿಗಳನ್ನೇ ಹೊತ್ತಿರುವ ಫಿಟ್ಸ್ ಕಡತವನ್ನೇ ಇಳಿಸಿಕೊಳ್ಳಿ. ಅದರಲ್ಲಿ ಸೂರ್ಯ ಸುಮಾರು 180 ಡಿಗ್ರಿ ತಿರುಗಿ, ಉತ್ತರ ಕೆಳಗಾಗಿ ಕೂತಿರುತ್ತಾನೆ. ಈ ತಿರುವಿನ ಕೋನವನ್ನು ಹೇಳುವ, ಕಡತದ ‘ಕ್ರೋಟಾ2’ ಎಂಬ ಮೌಲ್ಯವನ್ನು ಗಮನಿಸದೆ ಅಳತೆಗಿಳಿದರೆ ಪೂರ್ವ ಪಶ್ಚಿಮಗಳು ಅದಲುಬದಲಾಗುವುದು ಖಚಿತ. ಚಿತ್ರವನ್ನು ನೆಟ್ಟಗೆ ಮಾಡಿದ ಮೇಲೆ ಬಿಂಬದ ನಡುಭಾಗದಿಂದ 600 ಪಿಕ್ಸೆಲ್ ಚೌಕವನ್ನು ಕತ್ತರಿಸಿ, ಏಕೆಂದರೆ ಅಂಚಿನತ್ತ ಹೋದಂತೆ ಲಂಬ ಕ್ಷೇತ್ರವು ನಮ್ಮ ದೃಷ್ಟಿರೇಖೆಗೆ ಅಡ್ಡವಾಗಿ ಸಂಕೇತ ಕ್ಷೀಣಿಸುತ್ತದೆ. ಬೂದುಬಣ್ಣದ ಶ್ರೇಣಿಯನ್ನು ಋಣ 50ರಿಂದ ಧನ 50 ಗೌಸ್‌ಗೆ (ಗೌಸ್ ಎಂದರೆ ಕಾಂತಕ್ಷೇತ್ರದ ಬಲದ ಏಕಮಾನ) ಹೊಂದಿಸಿ. ಸೌರಕಲೆಗಳಿಗೆ ಒಗ್ಗುವ 1500 ಗೌಸ್ ಶ್ರೇಣಿಯಲ್ಲಿ ಶಾಂತ ಪ್ರದೇಶ ಬರೀ ಬೂದಿಯಂತೆ ಕಾಣುತ್ತದೆ.

ಈಗ ನಮ್ಮತ್ತ ಬರುವ ಕ್ಷೇತ್ರ ಬಿಳಿಯಾಗಿಯೂ ನಮ್ಮಿಂದ ದೂರ ಸಾಗುವುದು ಕಪ್ಪಾಗಿಯೂ ತೋರುತ್ತದೆ. ಚುಕ್ಕೆಗಳು ಸುಮಾರು 30,000 ಕಿಲೋಮೀಟರ್ ಅಗಲದ ಕಣ್ಣುಗಳುಳ್ಳ ಹರಕು ಬಲೆಯಂತೆ ಸಾಲುಗಟ್ಟಿರುತ್ತವೆ. ಆ ಕಣ್ಣುಗಳೇ ಸೂಪರ್‌ಗ್ರಾನ್ಯೂಲ್‌ಗಳು. ಅವುಗಳೊಳಗಿನ ಪ್ಲಾಸ್ಮಾ ಹೊರಮುಖವಾಗಿ ಹರಿಯುತ್ತ ಕ್ಷೇತ್ರವನ್ನು ಅಂಚಿಗೆ ತಳ್ಳುತ್ತದೆ. ಒಂದೇ ಚಿತ್ರದಲ್ಲಿ ಸುಮಾರು 10 ಗೌಸ್ ಗದ್ದಲ (ಅಳತೆಯ ಯಾದೃಚ್ಛಿಕ ಏರುಪೇರು) ಇರುವುದರಿಂದ, 30 ಗೌಸ್ ಮೀರಿದ, ಕನಿಷ್ಠ ನಾಲ್ಕೈದು ಪಿಕ್ಸೆಲ್ ಒತ್ತಾಗಿರುವ ಚುಕ್ಕೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಅಂಕಿಯನ್ನು ಅರ್ಥೈಸುವಾಗ ಹೆಚ್ಚು ಎಚ್ಚರ ಬೇಕು. ಒಂದು ಪಿಕ್ಸೆಲ್ ಮೇಲ್ಮೈಯಲ್ಲಿ ಸುಮಾರು 360 ಕಿಲೋಮೀಟರ್ ಅಗಲವನ್ನು ಆವರಿಸುತ್ತದೆ. ಅದರೊಳಗೆ 100 ಕಿಲೋಮೀಟರ್ ವ್ಯಾಸದ, 1500 ಗೌಸ್ ಬಲದ ಒಂದೇ ಕಾಂತನಳಿಕೆ (ಕಾಂತಕ್ಷೇತ್ರ ಒತ್ತಾಗಿ ಸೇರಿದ ಕಿರಿದಾದ ಕಂಬ) ಇದೆ ಎಂದುಕೊಳ್ಳಿ: ಅದು ಪಿಕ್ಸೆಲಿನ ಶೇಕಡಾ 6ರಷ್ಟನ್ನು ಮಾತ್ರ ತುಂಬುವುದರಿಂದ, ಹೆಚ್ಚೆಂದರೆ 90 ಗೌಸ್ ದಾಖಲಾಗುತ್ತದೆ. ಅಂದರೆ ನಾವು ಓದುವುದು ಸರಾಸರಿಯನ್ನು, ನಳಿಕೆಯ ಬಲವನ್ನಲ್ಲ. ಪಕ್ಕದಲ್ಲೇ ವಿರುದ್ಧ ಧ್ರುವದ ಅಷ್ಟೇ ಪ್ರಬಲ ನಳಿಕೆಯಿದ್ದರೆ ಎರಡೂ ಪರಸ್ಪರ ವಜಾ ಆಗಿ ಪಿಕ್ಸೆಲ್ ಖಾಲಿಯೆಂದೇ ತೋರುತ್ತದೆ.

ಚುಕ್ಕೆಗಳ ಚಲನೆ ನೋಡಬೇಕಿದ್ದರೆ ಕೆಲವು ಗಂಟೆಗಳ ಚಿತ್ರಗಳನ್ನು ಜೋಡಿಸಿ. ಸೂರ್ಯನ ಆವರ್ತನೆಯಿಂದ ನಡುಭಾಗ ಗಂಟೆಗೆ ಸುಮಾರು 20 ಪಿಕ್ಸೆಲ್ ಸರಿಯುತ್ತದೆ. ಅಷ್ಟನ್ನು ಹಿಂದಕ್ಕೆ ಸರಿಸಿದ ನಂತರವೇ ಕಪ್ಪು ಬಿಳುಪು ಚುಕ್ಕೆಗಳು ಒಂದನ್ನೊಂದು ಸಮೀಪಿಸಿ ಅಳಿದುಹೋಗುವುದು ಸ್ಪಷ್ಟವಾಗುತ್ತದೆ.