ಟೈಟಾನಿಕ್ ಕಾಲದಲ್ಲಿ ಹಡಗಿಗೆ ರಿವೆಟ್ ಹೊಡೆಯುತ್ತಿದ್ದುದು ಹೀಗೆ

1909ರಲ್ಲಿ ಬೆಲ್‌ಫಾಸ್ಟ್‌ನ ಹಾರ್ಲ್ಯಾಂಡ್ ಅಂಡ್ ವುಲ್ಫ್ ಹಡಗುಕಟ್ಟೆಯಲ್ಲಿ ಟೈಟಾನಿಕ್ ಕಟ್ಟಲು ಶುರುಮಾಡಿದಾಗ ಹಡಗಿನ ಒಡಲನ್ನು ಬೆಸೆಯುವ ವೆಲ್ಡಿಂಗ್ ಇರಲಿಲ್ಲ. ಒಂದಿಂಚಿನಷ್ಟು ದಪ್ಪದ ಉಕ್ಕಿನ ತಗಡುಗಳನ್ನು ಹಿಡಿದಿಟ್ಟಿದ್ದು ಸುಮಾರು 30 ಲಕ್ಷ ರಿವೆಟ್‌ಗಳು, ಅಂದರೆ ಒಂದು ತುದಿಯಲ್ಲಿ ತಲೆಯಿರುವ ದಪ್ಪ ಲೋಹದ ಮೊಳೆಗಳು.

ಮೊದಲು ತೂತು. ಮರದ ಅಚ್ಚಿನಿಂದ ಗುರುತು ಹಾಕಿ, ಶೆಡ್ಡಿನ ಪಂಚಿಂಗ್ ಯಂತ್ರದಲ್ಲೇ ತೂತು ಹೊಡೆಯುತ್ತಿದ್ದರು. ತಗಡನ್ನು ಮೇಲೆತ್ತಿ, ಪಕ್ಕದ ತಗಡಿನ ಅಂಚಿನ ಮೇಲೆ ಕೂರಿಸಿ, ಚೂಪುತುದಿಯ ಸಲಾಕೆ ಹೊಡೆದು ಎರಡರ ತೂತುಗಳನ್ನೂ ಒಂದೇ ನೇರಕ್ಕೆ ತಂದು, ತಾತ್ಕಾಲಿಕ ಬೋಲ್ಟ್ ಬಿಗಿಯುತ್ತಿದ್ದರು. ನನ್ನ ಪ್ರಕಾರ ಇಡೀ ಕೆಲಸದ ಹಣೆಬರಹ ನಿರ್ಧಾರವಾಗುತ್ತಿದ್ದುದು ಇಲ್ಲೇ. ತೂತು ವಾರೆಯಾದರೆ ಎಂಥ ಪಳಗಿದ ಕೈಯಾದರೂ ರಿವೆಟ್ ಬಿಗಿಯಾಗದು.

ನಂತರ ಐವರ ತಂಡದ ಸರದಿ. ಒಬ್ಬ ಹುಡುಗ ಕುಲುಮೆಯಲ್ಲಿ ರಿವೆಟ್ ಕಾಯಿಸುವವನು. ಕಡಿಮೆ ಕಾದರೆ ಬಡಿದಾಗ ಇನ್ನೊಂದು ತುದಿಯಲ್ಲಿ ತಲೆ ಮೂಡದು, ಹೆಚ್ಚು ಕಾದರೆ ಲೋಹ ಸುಟ್ಟು ಕೆಡುತ್ತದೆ. ಬಣ್ಣ ನೋಡಿಯೇ ಹದ ತಿಳಿಯಬೇಕು. ಅವನು ಇಕ್ಕಳದಲ್ಲಿ ಹಿಡಿದು ಕೊಟ್ಟ ಕೆಂಡದಂಥ ರಿವೆಟ್ಟನ್ನು ಇನ್ನೊಬ್ಬ ಹುಡುಗ ತೂತಿಗೆ ತೂರಿಸುತ್ತಿದ್ದ. ಈ ಹುಡುಗರು ಓಡಾಡುತ್ತಿದ್ದುದು ಏಣಿ, ಅಟ್ಟಣಿಗೆಗಳ ಮೇಲೆ. 1910ರಲ್ಲಿ 15 ವರ್ಷದ ಅಂಥ ಒಬ್ಬ ಹುಡುಗ ಅಲ್ಲೇ ಬಿದ್ದು ಸತ್ತ. ಟೈಟಾನಿಕ್‌ನ ಕಥೆ ಹೇಳುವಾಗ ಅವನನ್ನು ಬಿಡಬಾರದು.

ಒಳಗಿನಿಂದ ಮೂರನೆಯವನು ಭಾರದ ಸುತ್ತಿಗೆಯನ್ನು ರಿವೆಟ್ಟಿನ ತಲೆಗೆ ಒತ್ತಿ ನಿಲ್ಲುತ್ತಿದ್ದ. ಹೊರಗಿನಿಂದ ಇಬ್ಬರು ಒಬ್ಬರಾದ ಮೇಲೊಬ್ಬರು ಬಡಿದು ತುದಿಯನ್ನು ಚಪ್ಪಟೆ ಮಾಡುತ್ತಿದ್ದರು. ಒಬ್ಬ ಎಡಚನಾದರೆ ಅನುಕೂಲ, ಏಟುಗಳು ಅಡ್ಡಬರುತ್ತಿರಲಿಲ್ಲ. ನಿಜವಾದ ಬಿಗಿ ಬರುತ್ತಿದ್ದುದು ಆಮೇಲೆ: ಆರುತ್ತ ಕುಗ್ಗುವ ರಿವೆಟ್ ಎರಡೂ ತಗಡುಗಳನ್ನು ಒತ್ತಿ ಎಳೆದುಕೊಳ್ಳುತ್ತಿತ್ತು. ಆ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರಲ್ಲಿ ಅನೇಕರ ಕಿವಿ ಮಂದವಾಯಿತು.

ಒಡಲಿನ ನಡುಭಾಗಕ್ಕೆ ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಯಂತ್ರ ಬಳಸುತ್ತಿದ್ದರು. ಅದರ ದೊಡ್ಡ ದವಡೆ ಮೂತಿ ಮತ್ತು ಹಿಂಭಾಗದ ತಿರುವುಗಳಿಗೆ ಹಿಡಿಯುತ್ತಿರಲಿಲ್ಲ. ಅಲ್ಲಿ ಕೈಯೇಟೇ ಗತಿ, ಉಕ್ಕಿನ ಬದಲು ಮೆತುಕಬ್ಬಿಣದ ರಿವೆಟ್.

ಕೊನೆಗೆ ಎಣಿಕೆಯವನು ಸಣ್ಣ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ ನೋಡುತ್ತಿದ್ದ. ಸಡಿಲವಾದದ್ದನ್ನು ಕಿತ್ತು ಮತ್ತೆ ಹೊಡೆಯಬೇಕು. ಕೂಲಿ ಸಿಗುತ್ತಿದ್ದುದು ರಿವೆಟ್ಟಿನ ಲೆಕ್ಕದಲ್ಲಿ, ಅದನ್ನು ಇಡೀ ತಂಡ ಹಂಚಿಕೊಳ್ಳಬೇಕಿತ್ತು.