ಪಿಚ್ ಚಿತ್ರದ ಲೇಬಲ್ ಸರಿಹೋದದ್ದು ಹೀಗೆ

ಪಾನೀಯವೊಂದರ ಜಾಹೀರಾತು ಪಿಚ್‌ಗೆ (ಗ್ರಾಹಕರ ಮುಂದಿಡುವ ಜಾಹೀರಾತು ಯೋಜನೆಗೆ) ಎಐನಿಂದ ಆರು ಚಿತ್ರ ಮಾಡಿಸಿದ್ದೆ. ಬೆಳಕು, ಹಿನ್ನೆಲೆ ಎಲ್ಲ ಸೊಗಸಾಗಿತ್ತು. ಬಾಟಲಿಯ ಲೇಬಲ್ ಮೇಲಿನ ಅಕ್ಷರ ಮಾತ್ರ ಪ್ರತಿಸಲವೂ ಕಲಸುಮೇಲೋಗರ. ಪಾನೀಯದ ಹೆಸರನ್ನು ಪ್ರಾಂಪ್ಟಿನಲ್ಲಿ, ಅಂದರೆ ಎಐಗೆ ಕೊಡುವ ಸೂಚನೆಯಲ್ಲಿ, ಎಷ್ಟು ಒತ್ತಿ ಬರೆದರೂ ಅಷ್ಟೇ. ನಾನು ಬಳಸಿದ ಎಐ ಮಾದರಿ ಕಾಗುಣಿತ ನೋಡುವುದಿಲ್ಲ, ಅಕ್ಷರದಂಥ ಆಕಾರವನ್ನು ಬಿಡಿಸುತ್ತದೆ ಎಂದು ಆಗ ಹೊಳೆಯಿತು.

‘ಅಕ್ಷರ ಬೇಡ’ ಎಂದರೂ ಬಂತು. ‘ಖಾಲಿ ಬಿಳಿ ಲೇಬಲ್’ ಎಂದಾಗ ಸರಿಹೋಯಿತು. ಆಮೇಲೆ ಗ್ರಾಹಕರ ಅಸಲಿ ಲೇಬಲ್ಲನ್ನು ಫೋಟೋಶಾಪ್‌ನಲ್ಲಿ ಕೂರಿಸಿ, ಬಾಟಲಿಯ ದುಂಡಿಗೆ ತಕ್ಕಂತೆ ವಾರ್ಪ್ ಮಾಡಿ (ಬಾಗಿಸಿ), ಬ್ಲೆಂಡ್ ಮೋಡನ್ನು (ಮೇಲಿನ ಪದರ ಕೆಳಗಿನದರ ಜೊತೆ ಬೆರೆಯುವ ಬಗೆ) ಕೆಳಗಿನ ನೆರಳು ಮೇಲೂ ಕಾಣುವಂಥ ‘ಮಲ್ಟಿಪ್ಲೈ’ಗೆ ಇಟ್ಟೆ. ಬಾಟಲಿಯ ನೆರಳು ಲೇಬಲ್ ಮೇಲೂ ಹಾಗೇ ಉಳಿಯಿತು, ನನಗಂತೂ ಅದೇ ದೊಡ್ಡ ಸಮಾಧಾನ. ಪ್ರತಿ ಸ್ಲೈಡಿನಲ್ಲೂ ‘ಎಐ ಕರಡು ಚಿತ್ರ’ ಎಂದು ನಮೂದಿಸಿ ಕಳಿಸಿದೆ.