ಕೆಟ್ಟ ಕೆಟಲ್ ಬಿಚ್ಚಿ ನೋಡಿ: ಎಷ್ಟು ಪಾಲು ಮರುಬಳಕೆಗೆ ಸಿಗುತ್ತದೆ?

ಪ್ಲಾಸ್ಟಿಕ್ ಮೇಲೆ ಬಾಣದ ತ್ರಿಕೋನ ಕಂಡರೆ ಸಾಕು, ಇದು ಮರುಬಳಕೆ ಆಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಅದರೊಳಗಿನ ಅಂಕಿ ಹೇಳುವುದು ಯಾವ ಪ್ಲಾಸ್ಟಿಕ್ ಅಂತ, ಅಷ್ಟೇ. 1 ಅಂದರೆ ಪೆಟ್, ನೀರಿನ ಬಾಟಲಿಯ ಪ್ಲಾಸ್ಟಿಕ್. 5 ಅಂದರೆ ಪಾಲಿಪ್ರೊಪಿಲೀನ್, ಊಟದ ಡಬ್ಬಿಗಳಿಗೆ ಬಳಸುವಂಥದ್ದು. 7 ಅಂದರೆ ‘ಇತರೆ’, ಅಂದರೆ ಏನು ಬೇಕಾದರೂ ಇರಬಹುದು. 1988ರಲ್ಲಿ ಅಮೆರಿಕದಲ್ಲಿ ಈ ಗುರುತು ಬಂತು. ಜನ ತಪ್ಪು ತಿಳಿಯುತ್ತಾರೆಂದು 2013ರಲ್ಲಿ ಬಾಣ ತೆಗೆದು ಬರೀ ತ್ರಿಕೋನ ಇಡಲು ಹೇಳಿದರು. ಹಳೇ ಬಾಣಗಳು ಇನ್ನೂ ಎಲ್ಲೆಡೆ ಕಾಣುತ್ತವೆ.

ಗುರುತು ನಂಬುವುದಕ್ಕಿಂತ ಬಿಚ್ಚಿ ನೋಡುವುದು ವಾಸಿ. ಕೆಟ್ಟುಹೋದ ಎಲೆಕ್ಟ್ರಿಕ್ ಕೆಟಲ್ ತೆಗೆದುಕೊಳ್ಳಿ. ಮೊದಲು ಇಡಿಯಾಗಿ ತೂಕ ಹಾಕಿ ಬರೆದಿಡಿ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ.

ಅಸಲಿ ಪರೀಕ್ಷೆ ಇಲ್ಲೇ ಇರುವುದು. ಸ್ಕ್ರೂ ಇದ್ದರೆ ಎರಡೇ ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ. ಅಂಟು ಹಾಕಿದ್ದರೆ ಏನು ಮಾಡಿದರೂ ಬರುವುದಿಲ್ಲ, ಕೊನೆಗೆ ಮುರಿಯಬೇಕು. ಮುರಿದ ಮೇಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುವ ತುಂಡುಗಳನ್ನು ಬೇರೆ ಗುಡ್ಡೆ ಮಾಡಿ. ಮರುಬಳಕೆಯ ಲೆಕ್ಕದಲ್ಲಿ ಅವಕ್ಕೆ ಸೊನ್ನೆ.

ಉಳಿದದ್ದನ್ನು ವಿಂಗಡಿಸಿ. ಅಯಸ್ಕಾಂತ ಹಿಡಿದರೆ ಕಬ್ಬಿಣ, ಉಕ್ಕು ಅಂಟಿಕೊಳ್ಳುತ್ತವೆ. ಹಾಗಂತ ಅಂಟದ್ದೆಲ್ಲ ಅಲ್ಯೂಮಿನಿಯಂ ಅಲ್ಲ. ಎಷ್ಟೋ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಹಿಡಿಯುವುದೇ ಇಲ್ಲ. ಪ್ಲಾಸ್ಟಿಕ್ ಚೂರನ್ನು ನೀರಿಗೆ ಹಾಕಿ. ಪಾಲಿಪ್ರೊಪಿಲೀನ್ ತೇಲುತ್ತದೆ, ಉಪಕರಣಗಳ ಗಟ್ಟಿ ಹೊದಿಕೆಗೆ ಬಳಸುವ ಎಬಿಎಸ್, ಪೈಪಿಗೆ ಬಳಸುವ ಪಿವಿಸಿ ಮುಳುಗುತ್ತವೆ. ಗಾಳಿಗುಳ್ಳೆ ಅಂಟಿದ್ದರೆ ಮುಳುಗಬೇಕಾದದ್ದೂ ತೇಲಿ ಮೋಸ ಮಾಡುತ್ತದೆ, ಬೆರಳಲ್ಲಿ ಒಮ್ಮೆ ಅದ್ದಿಬಿಡಿ. ಕಪ್ಪು ಪ್ಲಾಸ್ಟಿಕ್ ಇದ್ದರೆ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ವಿಂಗಡಣೆ ಯಂತ್ರಗಳು ಅತಿಗೆಂಪು ಬೆಳಕಿನಲ್ಲಿ ನೋಡುತ್ತವೆ. ಪ್ಲಾಸ್ಟಿಕ್ ಕಪ್ಪಾಗಿಸಲು ಹಾಕುವ ಕಾರ್ಬನ್ ಬ್ಲ್ಯಾಕ್ ಎಂಬ ಬಣ್ಣ ಆ ಬೆಳಕನ್ನು ನುಂಗಿಬಿಡುವುದರಿಂದ ಅದು ಯಾವ ಪ್ಲಾಸ್ಟಿಕ್ ಅಂತ ಅವಕ್ಕೆ ಗೊತ್ತೇ ಆಗುವುದಿಲ್ಲ.

ಈಗ ಲೆಕ್ಕ. ಕೆಟಲ್ 1,000 ಗ್ರಾಂ ಇದೆ ಅಂತಿಟ್ಟುಕೊಳ್ಳಿ. ಸ್ಟೀಲ್ 500 ಗ್ರಾಂ. ಕರಗಿಸುವಾಗ ಸ್ವಲ್ಪ ಹೋಗುತ್ತದೆ, 475 ಹಿಡಿಯೋಣ. ಬಿಡಿಯಾಗಿ ಬಂದ ಪ್ಲಾಸ್ಟಿಕ್ 200. ಅದರಲ್ಲಿ 160 ಸಿಕ್ಕಿತು ಅನ್ನೋಣ. ವೈರ್ 100, ತಾಮ್ರ ಮಾತ್ರ ಲೆಕ್ಕಕ್ಕೆ, 45. ಕೆಟಲ್‌ನ ಹಿಡಿಕೆ 150 ಗ್ರಾಂ. ಆದರೆ ತೇಲುವ ಪ್ಲಾಸ್ಟಿಕ್‌ಗೆ ಮುಳುಗುವ ಪ್ಲಾಸ್ಟಿಕ್ ಅಂಟಿಸಿದ್ದಾರೆ, ಹಾಗಾಗಿ ಸೊನ್ನೆ. ಸ್ವಿಚ್ಚು, ಸಣ್ಣಪುಟ್ಟ ಭಾಗ 50, ಅದಕ್ಕೂ ಸೊನ್ನೆ. ಒಟ್ಟು 680 ಗ್ರಾಂ, ಅಂದರೆ ಶೇ 68. ಇವೆಲ್ಲ ಉದಾಹರಣೆಯ ಅಂಕಿಗಳು. ನಿಮ್ಮ ತಕ್ಕಡಿ ತೋರಿಸಿದ ತೂಕವನ್ನೇ ಹಾಕಿಕೊಳ್ಳಿ.

ಸುಟ್ಟು ಶಾಖ ಪಡೆಯುವುದನ್ನು ಇದರಲ್ಲಿ ಸೇರಿಸಬೇಡಿ. ಯುರೋಪಿಯನ್ ಒಕ್ಕೂಟವೂ ಹಳೇ ಕಾರುಗಳಿಗೆ ಎರಡು ಲೆಕ್ಕ ಇಟ್ಟಿದೆ. ಮರುಬಳಕೆಗೆ ತೂಕದಲ್ಲಿ ಕನಿಷ್ಠ ಶೇ 85 ಹೋಗಬೇಕು. ಸುಡುವುದೂ ಸೇರಿದರೆ ಶೇ 95. ಯಾರಾದರೂ ದೊಡ್ಡ ಅಂಕಿ ಹೇಳಿದರೆ, ಯಾವ ಲೆಕ್ಕ ಅಂತ ಕೇಳಿ.

ಕೊನೆಗೆ ಸೊನ್ನೆ ಗುಡ್ಡೆಗೆ ವಾಪಸ್ ಬನ್ನಿ. ಅದೇ ಹಿಡಿಕೆಗೆ ಅಂಟಿನ ಬದಲು ಎರಡು ಸ್ಕ್ರೂ ಹಾಕಿದ್ದರೆ? ಉಳಿದ ಪ್ಲಾಸ್ಟಿಕ್‌ನಂತೆ ಅದರಲ್ಲೂ 120 ಗ್ರಾಂ ಸಿಗುತ್ತಿತ್ತು. ಶೇ 68 ಇದ್ದದ್ದು ಶೇ 80 ಆಗುತ್ತಿತ್ತು.